ಕೋಣೆ ನಂಬರ್ ಐದು

ಲೆಕ್ಕ ನೋಡಲು ಬಂದವಳು ನಾನು, ಹಕ್ಕಿ ನೋಡಲು ಅಲ್ಲ.
ಹೆಸರಘಟ್ಟದ ಕೆರೆ ಏರಿ ದಾಟಿ
ಆಟೋದವನು ಕೈ ತೋರಿಸಿದ ಕಡೆ ಬರೀ ಹುಲ್ಲು,
ಮಾಗಿಯ ಹುಲ್ಲು, ಕಂದು ಹಸುವಿನ ಬೆನ್ನಿನ ಹಾಗೆ.
ನಡುವೆ ಆರು ಗುಂಡು ಗುಡಿಸಲು,
ರಾಗಿ ಬಣವೆಗೆ ಯಾರೋ ಬಾಗಿಲು ಇಟ್ಟಂತೆ.

‘ಗಂಗಹನುಮಯ್ಯ ಅಂಡ್ ಡಾಟರ್ಸ್ ಲಾಡ್ಜ್.’
ಬೋರ್ಡಿನಲ್ಲಿ ‘ಡಾಟರ್ಸ್’ ಮಾತ್ರ ಬೇರೆ ಬಣ್ಣ.
‘ಸನ್ಸ್’ ಅಂತ ಬರೆಸಿ ಏಳು ವರ್ಷ ಕಾದಿದ್ದರಂತೆ,
ಆಮೇಲೆ ನಕ್ಕು ಅಳಿಸಿದರಂತೆ.

ಹಿರಿಯವಳು ಹನುಮಕ್ಕ.
‘ಹಕ್ಕಿಯೋರು ಬಂದವ್ರೆ ಮೇಡಂ, ಎಲ್ಲಾ ಫುಲ್ಲು.’
ಕೀಲಿಗೊಂಚಲನ್ನು ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿ,
‘ಐದು ಐತೆ. ಒಂದು ರಾತ್ರಿ ತಾನೆ.’
ಯಾರನ್ನೋ ಒಪ್ಪಿಸುವ ಹಾಗಿತ್ತು ದನಿ,
ನನ್ನನ್ನಲ್ಲ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು.
ಗೋಡೆಯ ಮೇಲೆ ಅಪ್ಪನ ಫೋಟೊ:
ಕೈಯಲ್ಲಿ ಉಳಿ, ಬೆನ್ನ ಹಿಂದೆ ಒಂದು ನದಿ.
ಅಷ್ಟು ಅಗಲದ ನೀರು ನಮ್ಮ ಸೀಮೆಯಲ್ಲಿಲ್ಲ.
‘ಜಾಂಬೆಜಿ’ ಅಂದಳು, ಪಕ್ಕದೂರಿನ ಹಳ್ಳದ ಹೆಸರು ಹೇಳುವಷ್ಟು ಸಲೀಸಾಗಿ.
ಹನ್ನೊಂದು ವರ್ಷ ಅಲ್ಲಿ ಬಡಗಿ,
ಬೇರೊಂದು ಕುಟುಂಬ ಕಟ್ಟಿಕೊಂಡ ಲಾಡ್ಜಿನಲ್ಲಿ.
ಬಾಗಿಲು, ಮಂಚ, ಆನೆ ಮುರಿದ ಬೇಲಿ,
ಮತ್ತೆ ಬಾಗಿಲು.
ಸೂರಿಗೆ ಹುಲ್ಲು ಹೊದಿಸುವವನು ಸಿತಾಲಿ.
‘ಅವರದೂ ಮುದ್ದೇನೇ ಮೇಡಂ, ಬಿಳೀದು, ಮುಸುಕಿನ ಜೋಳದ್ದು.
ಇಬ್ರೂ ಒಂದೇ ತಟ್ಟೇಲಿ ತಿಂದವ್ರು.
ನಮ್ಮೂರಲ್ಲೂ ಇಂಥದ್ದೊಂದು ಕಟ್ತೀನಿ, ಬಾ ಅಂದಿದ್ರಂತೆ.
ಬರ್ತೀನಿ ಅಂದಿದ್ದನಂತೆ.’

ಊಟವಾದ ಮೇಲೆ ಪುಸ್ತಕ ಬಿಚ್ಚಿದೆ, ಹಸಿರು ಪೆನ್ನು ತೆಗೆದೆ.
ಸೌದೆ, ಸೀಮೆಸುಣ್ಣ, ಬೋರ್‌ವೆಲ್ಲಿನ ಮೋಟರು.
ಖರ್ಚಿನ ಕಡೆ ಒಂದು ಸಾಲು: ‘ಮುಂಗುಸಿ, ಮೊಟ್ಟೆ ೪.’
ಅದನ್ನು ಬಿಟ್ಟೆ.
ಬಿಡಲಾಗದ್ದು ಇದು:
ಪ್ರತಿ ಡಿಸೆಂಬರು, ಹತ್ತು ರಾತ್ರಿ,
ಕೋಣೆ ೫, ಅತಿಥಿ ಸಿತಾಲಿ, ಸಂದಾಯ ನಗದು.
ಇಪ್ಪತ್ತೆಂಟು ಡಿಸೆಂಬರು.
ಸಹಿ ಇಲ್ಲ, ಗುರುತಿನ ಚೀಟಿ ಇಲ್ಲ.
ಮೊದಲ ವರ್ಷ ಅರವತ್ತು ರೂಪಾಯಿ, ಈಗ ಸಾವಿರದ ಇನ್ನೂರು.
ಬಾಡಿಗೆ ಏರಿದಾಗಲೆಲ್ಲ ಅವನಿಗೂ ಏರಿಸಿದ್ದಾರೆ,
ರಿಯಾಯಿತಿ ಕೊಟ್ಟಿಲ್ಲ.

‘ಬಾರದವನ ಬಾಡಿಗೆ ಆದಾಯ ಹೇಗಾಗುತ್ತೆ?’
‘ಅಪ್ಪ ಜೇಬಿಂದ ಹಾಕ್ತಿದ್ರು. ಹೋಗಿ ಮೂರು ವರ್ಷ ಆಯ್ತು. ಈಗ ನಾನು.’
‘ಕಾಗದ ಬರೆದು ಕೇಳಬಹುದಿತ್ತು.’
‘ಬರೆದ್ರು. ಎರಡು ಸಲ ಅದೇ ಕವರು ವಾಪಸ್ ಬಂತು.
ಆಮೇಲೆ ಬರೀಲಿಲ್ಲ. ಬರೆದ್ರೆ ತಾನೆ ವಾಪಸ್ ಬರೋದು.’
ಲಾಟೀನಿನ ಬತ್ತಿ ತಗ್ಗಿಸುತ್ತಾ ಕೇಳಿದಳು:
‘ಐದನ್ನ ಬೇರೆಯೋರಿಗೆ ಕೊಟ್ಟು, ಅವತ್ತೇ ಅವನು ಬಂದ್ರೆ,
ಎಲ್ಲಿ ಮಲಗಿಸೋದು ಮೇಡಂ?’

ಅದಕ್ಕೆ ನನ್ನ ಓದಿನಲ್ಲಿ ಉತ್ತರ ಇರಲಿಲ್ಲ.

ಮಲಗಿ ಮೇಲೆ ನೋಡಿದೆ.
ಬಾದೆಹುಲ್ಲು ಸುತ್ತು ಸುತ್ತಾಗಿ ಏರಿ, ಏರಿ,
ತುದಿಯಲ್ಲಿ ಅರ್ಧ ಹಾಕಿದ ಗಂಟು.
ಉಳಿದ ಐದಕ್ಕೂ ತಗಡಿನ ಟೋಪಿ.
ಇದರದ್ದನ್ನು ಅವನೇ ಬಂದು ಬಿಗಿಯಲಿ ಅಂತ ಬಿಟ್ಟು
ಮಳೆಗೆ ಒಂದು ಹಳೇ ಬಾಣಲೆ ಬೋರಲು ಹಾಕಿದ್ದಾರೆ.
ಇಬ್ಬನಿ ಅದರ ಮೇಲೆ ಕೂತು, ಜಾರಿ,
ಟಪ್ ಎನ್ನುವುದು ಕೇಳುತ್ತಿತ್ತು.
ಹೊರಗೆ ಟಿಟ್ಟಿಭ ಒಂದೇ ಸಮನೆ ಯಾರನ್ನೋ ಗದರಿತು.
ದೂರದಲ್ಲಿ ಬೆಂಗಳೂರು ಆಕಾಶವನ್ನು ಕೆಂಪಗೆ ಕಾಯಿಸುತ್ತಿತ್ತು.
ನಡುರಾತ್ರಿ ಎಚ್ಚರವಾದಾಗ ನೋಡಿದರೆ
ಅಷ್ಟು ಅಗಲದ ಮಂಚದಲ್ಲಿ
ಗೋಡೆಯ ಕಡೆಗೆ ಸರಿದು ಮಲಗಿದ್ದೆ,
ಅರ್ಧ ಕಂಬಳಿ ಹೊರಗೆ ಬಿಟ್ಟು.

ಬೆಳಿಗ್ಗೆ ಹಕ್ಕಿಯವರೆಲ್ಲ ದುರ್ಬೀನು ಹಿಡಿದು ಹುಲ್ಲಿನೊಳಗೆ.
ಕೌಂಟರಿನ ಮೇಲೆ ರಿಜಿಸ್ಟರು ತೆರೆದಿತ್ತು, ಅವಳ ದುಂಡು ಅಕ್ಷರ:
‘ಕೋಣೆ ೫. ಸಿತಾಲಿ, ಜೊತೆಗೆ ಒಬ್ಬರು.’
ನನ್ನ ಬಿಲ್ಲು ಆರುನೂರು.
ಲೆಕ್ಕ ಸರಿಯಾಗಿತ್ತು.
ಹಸಿರು ಪೆನ್ನಿನ ಮುಚ್ಚಳ ತೆಗೆದೆ.
‘ಎಲ್ಲಿ ಸಹಿ ಹಾಕಲಿ?’
ಹನುಮಕ್ಕ ಕಾಫಿ ಲೋಟ ಇಡುತ್ತಾ ಬೆರಳಿಟ್ಟು ತೋರಿಸಿದಳು:
‘ಅವನದಕ್ಕೆ ಜಾಗ ಬಿಟ್ಟು, ಕೆಳಗೆ ಹಾಕಿ ಮೇಡಂ.’